ಗಜ ಆಮೇಲೆ ಎಣಿಸಿ, ಮೊದಲು ಮಂಡಿ ನೋಡಿ

ನಾನು ಫಿಸಿಯೋಥೆರಪಿಸ್ಟ್. ಹುಟ್ಟಿದ್ದು ಮದ್ದೂರಿನ ಹತ್ತಿರದ ಒಂದು ಹಳ್ಳಿ. ಈಗ ಇರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಫಿಲಡೆಲ್ಫಿಯಾದಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. ಬಂದ ಹೊಸದರಲ್ಲಿ ಇಲ್ಲಿಯ ಸೋಮವಾರಗಳೇ ನನಗೆ ಅರ್ಥವಾಗುತ್ತಿರಲಿಲ್ಲ. ಕ್ಲಿನಿಕ್ಕಿಗೆ ಬಂದವರು ಬೆನ್ನುನೋವು, ಭುಜನೋವು ಎಲ್ಲ ಮರೆತು ಮೊದಲು ಹಿಂದಿನ ದಿನದ ಈಗಲ್ಸ್ ಮ್ಯಾಚಿನ ಮಾತು ತೆಗೆಯುತ್ತಿದ್ದರು. ಈಗಲ್ಸ್ ಅಂದರೆ ಫಿಲಡೆಲ್ಫಿಯಾದ ಅಮೆರಿಕನ್ ಫುಟ್‌ಬಾಲ್ ತಂಡ. ನಾನು ಸುಮ್ನೆ ತಲೆ ಆಡಿಸುತ್ತಿದ್ದೆ. ಕೊನೆಗೆ ಆಟ ಕಲಿಸಿದ್ದು ಮಂಡಿಗೆ ಆಪರೇಷನ್ ಆಗಿ ಬಂದಿದ್ದ ಒಬ್ಬ ಹೈಸ್ಕೂಲ್ ಹುಡುಗ. ಅವನು ಶಾಲೆಯ ತಂಡದಲ್ಲಿ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವವನು. ನಾನು ಅವನ ಕಾಲು ಮಡಿಸುವುದು, ಅವನು ನನಗೆ ಆಟ ಬಿಡಿಸಿ ಹೇಳುವುದು. ಹೀಗೆ ಒಂಬತ್ತು ತಿಂಗಳು ನಡೆಯಿತು.

ಹಾಗಾಗಿ ನನಗೆ ಗೊತ್ತಿರುವುದು ಕೋಚ್ ಹೇಳುವ ಆಟವಲ್ಲ, ಮಂಡಿಯ ಕಡೆಯಿಂದ ಕಂಡ ಆಟ. ನೀವು ಅಮೆರಿಕಕ್ಕೆ ಹೊಸದಾಗಿ ಬಂದಿದ್ದರೆ, ಅಥವಾ ಊರಲ್ಲೇ ಕೂತು ಫೋನಿನಲ್ಲಿ ಈ ಆಟದ ದೊಡ್ಡ ಲೀಗ್ ಎನ್‌ಎಫ್‌ಎಲ್ ನೋಡುತ್ತಿದ್ದರೆ, ಒಬ್ಬ ರನ್ನಿಂಗ್ ಬ್ಯಾಕ್‌ನನ್ನು ಆರಿಸಿಕೊಂಡು ಅವನ ಕೆರಿಯರ್ ಪೂರ್ತಿ ಹಿಂಬಾಲಿಸಿ. ಆಟ ಬೇಗ ತಲೆಗೆ ಹತ್ತುತ್ತದೆ. ನಾನು ಹಿಂಬಾಲಿಸಿದ್ದು ಸೇಕ್ವಾನ್ ಬಾರ್ಕ್ಲಿಯನ್ನು. ಅವನನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಬೇಕಾದಷ್ಟು ಆಟ

ಇತ್ತ 11 ಜನ, ಅತ್ತ 11 ಜನ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರೊಳಗೆ 10 ಯಾರ್ಡ್ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು. ಯಾರ್ಡ್ ಅಂದರೆ ನಮ್ಮ ಬಟ್ಟೆ ಅಂಗಡಿಯ ಗಜವೇ, ಮೂರಡಿ. ಕ್ವಾರ್ಟರ್‌ಬ್ಯಾಕ್ ಅನ್ನುವವನು ಚೆಂಡನ್ನು ದೂರಕ್ಕೆ ಎಸೆಯಬಹುದು, ಇಲ್ಲವೇ ಪಕ್ಕದಲ್ಲಿ ನಿಂತ ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಒತ್ತಿ ಕೊಡಬಹುದು. ಕೊಟ್ಟ ಮೇಲೆ ಅವನು ಓಡಬೇಕು. ಹೀಗೆ ಚೆಂಡು ಹಿಡಿದು ಓಡಿದ ಒಂದೊಂದು ಸಲಕ್ಕೂ ಒಂದು 'ಕ್ಯಾರಿ' ಎಂದು ಬರೆದುಕೊಳ್ಳುತ್ತಾರೆ. ಈ ಪದ ನೆನಪಿಟ್ಟುಕೊಳ್ಳಿ. ಉಳಿದ ನಿಯಮಗಳು ನೋಡುತ್ತಾ ನೋಡುತ್ತಾ ತಾನಾಗಿ ಬರುತ್ತವೆ. ನನಗೆ ಇವತ್ತಿಗೂ ಅರ್ಧ ಪೆನಾಲ್ಟಿಗಳು ಗೊತ್ತಿಲ್ಲ, ಏನೂ ತೊಂದರೆಯಾಗಿಲ್ಲ.

ಓಡುವವನನ್ನು ಬಿಟ್ಟು ಮುಂದಿನ ಐವರನ್ನು ನೋಡಿ

ನಮ್ಮಣ್ಣ ಕಬಡ್ಡಿ ಆಡುತ್ತಿದ್ದ. ರೈಡರ್. ಮಂಡ್ಯದ ಕಡೆ ಕಬಡ್ಡಿ ಅಂದರೆ ಗೊತ್ತಲ್ವಾ, ಟ್ಯೂಬ್‌ಲೈಟ್ ಕಟ್ಟಿ, ಮಣ್ಣಿಗೆ ನೀರು ಹಾಕಿ, ರಾತ್ರಿಯೆಲ್ಲಾ ಆಡುತ್ತಾರೆ. ರೈಡರ್ ಏಳು ಜನರ ಎದುರು ಒಬ್ಬನೇ ಹೋಗುತ್ತಾನೆ. ರನ್ನಿಂಗ್ ಬ್ಯಾಕ್ ಕೂಡ ಹಾಗೇ ಅಂದುಕೊಂಡು ಮೊದಲ ಸೀಸನ್ ಪೂರ್ತಿ ನಾನು ಅವನ ಕಾಲನ್ನಷ್ಟೇ ನೋಡಿದೆ. ಅರ್ಧ ಆಟ ತಪ್ಪಿಹೋಯಿತು.

ಇವನ ಮುಂದೆ ಐದು ಜನ ಭಾರೀ ಆಳುಗಳು ಸಾಲಾಗಿ ಬಗ್ಗಿ ನಿಂತಿರುತ್ತಾರೆ, ಅದು ಅಫೆನ್ಸಿವ್ ಲೈನ್. ಚೆಂಡು ಕೈಗೆ ಬರುವ ಮೊದಲೇ ಅವರು ಎದುರಾಳಿಗಳನ್ನು ಪಕ್ಕಕ್ಕೆ ತಳ್ಳಲು ಶುರು ಮಾಡಿರುತ್ತಾರೆ. ಇಬ್ಬರ ನಡುವೆ ಬಾಗಿಲಿನಷ್ಟು ಜಾಗ ಬಿಡುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಮುಚ್ಚಿಹೋಗುತ್ತದೆ. ಒಳ್ಳೆಯ ರನ್ನಿಂಗ್ ಬ್ಯಾಕ್ ಚೆಂಡು ಸಿಕ್ಕ ಕೂಡಲೇ ಓಡುವುದಿಲ್ಲ. ಎರಡು ಹೆಜ್ಜೆ ನಿಧಾನ. ಕೆಲವು ಸಲ ಒಂದು ಕೈ ಮುಂದಿನವನ ಬೆನ್ನಿಗೆ ತಾಗಿಸಿಕೊಂಡಿರುತ್ತಾನೆ, ಜಾತ್ರೆಯ ನೂಕುನುಗ್ಗಲಿನಲ್ಲಿ ಮುಂದಿನವರ ಭುಜ ಹಿಡಿದು ನಡೆಯುವ ಹಾಗೆ. ಬಾಗಿಲು ಬಿಟ್ಟಿತು ಅನ್ನುವಾಗ ಒಂದೇ ಕಾಲು ಊರಿ ತಿರುಗಿ ನುಗ್ಗುತ್ತಾನೆ.

ಟಿವಿಯಲ್ಲಿ ಇದನ್ನು ಕಲಿಯಲು ಸುಲಭದ ದಾರಿ ಇದೆ. ಒಂದು ಕ್ವಾರ್ಟರ್, ಅಂದರೆ ಆಟದ ಕಾಲು ಭಾಗ ಪೂರ್ತಿ, ಎಡಗಡೆಯ ಕೊನೆಯಲ್ಲಿ ನಿಂತ ಲೈನ್‌ಮನ್ ಒಬ್ಬನನ್ನೇ ನೋಡಿ, ಚೆಂಡನ್ನು ಮರೆತುಬಿಡಿ. ಈಗಲ್ಸ್‌ನಲ್ಲಿ ಆ ಜಾಗದಲ್ಲಿ ಇರುವವನು ಜೋರ್ಡನ್ ಮೈಲಾಟಾ. ಆರು ಅಡಿ ಎಂಟು ಇಂಚು ಎತ್ತರ. ಆಸ್ಟ್ರೇಲಿಯಾದವನು, ರಗ್ಬಿ ಲೀಗ್ ಆಡಿಕೊಂಡಿದ್ದ. ಅಮೆರಿಕನ್ ಫುಟ್‌ಬಾಲ್‌ನ ಒಂದು ಮ್ಯಾಚನ್ನೂ ಆಡದೆ 2018ರ ಡ್ರಾಫ್ಟ್‌ಗೆ ಬಂದ. ಡ್ರಾಫ್ಟ್ ಅಂದರೆ ತಂಡಗಳು ಸರದಿಯ ಮೇಲೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು. ಏಳನೇ ಸುತ್ತಿನಲ್ಲಿ 233ನೆಯವನಾಗಿ ಆರಿಸಿಕೊಂಡರು. ಅದೇ ಡ್ರಾಫ್ಟ್‌ನಲ್ಲಿ ಬಾರ್ಕ್ಲಿ ಎರಡನೆಯವನು. ಆರು ವರ್ಷ ಕಳೆದ ಮೇಲೆ ಎರಡನೆಯವನ ದಾಖಲೆಗೆ 233ನೆಯವನು ದಾರಿ ಬಿಡಿಸುತ್ತಿದ್ದ. ನನಗೆ ಇಂಥದ್ದು ಸ್ಕೋರಿಗಿಂತ ಜಾಸ್ತಿ ಇಷ್ಟ.

ಚೆಂಡು ಇಲ್ಲದಾಗ ರನ್ನಿಂಗ್ ಬ್ಯಾಕ್ ಏನು ಮಾಡುತ್ತಾನೆ ಅನ್ನುವುದನ್ನೂ ಗಮನಿಸಿ. ಕ್ವಾರ್ಟರ್‌ಬ್ಯಾಕ್ ಎಸೆಯಲು ನಿಂತಾಗ ಎದುರಾಳಿ ಒಬ್ಬ ಸಂದಿಯಿಂದ ನುಗ್ಗಿ ಬರುತ್ತಾನೆ, ಅದಕ್ಕೆ ಬ್ಲಿಟ್ಸ್ ಅನ್ನುತ್ತಾರೆ. ಅವನಿಗೆ ಅಡ್ಡ ಹೋಗಿ ಎದೆ ಕೊಡುವುದು ರನ್ನಿಂಗ್ ಬ್ಯಾಕ್‌ನ ಕೆಲಸ. ಅದಕ್ಕೆ ಯಾವ ಅಂಕವೂ ಇಲ್ಲ, ಪೇಪರಿನಲ್ಲೂ ಬರುವುದಿಲ್ಲ. ಹೊಡೆತ ಮಾತ್ರ ದೇಹಕ್ಕೆ ಜಮೆ ಆಗುತ್ತದೆ. ಹೊಸ ಹುಡುಗರು ಎಷ್ಟೇ ಚೆನ್ನಾಗಿ ಓಡಲಿ, ಈ ಕೆಲಸ ಬರದಿದ್ದರೆ ಬೆಂಚಿನಲ್ಲೇ ಕೂರುತ್ತಾರೆ.

ಅಂಕಿ ಓದುವುದು

ಎಲ್ಲರೂ ಮೊದಲು ನೋಡುವುದು ಯಾರ್ಡ್. ನೀವು ಕ್ಯಾರಿ ನೋಡಿ.

ಬಾರ್ಕ್ಲಿ ನ್ಯೂಯಾರ್ಕ್ ಜೈಂಟ್ಸ್‌ನಲ್ಲಿ 2018ರಿಂದ 2023ರವರೆಗೆ ಆರು ವರ್ಷ ಇದ್ದ. ಅವನ ಕ್ಯಾರಿಗಳು ಹೀಗಿವೆ: 261, 217, 19, 162, 295, 247. ಈ ಸಾಲನ್ನು ಹಾಗೇ ನೋಡಿದರೂ ಕಥೆ ಕಾಣುತ್ತದೆ. ಮೂರನೆಯ ವರ್ಷದ 19 ಇದೆಯಲ್ಲ, ಅದು ಮಂಡಿ. ಅದರ ಮುಂದಿನ 162 ಮಂಡಿ ವಾಸಿಯಾಗುತ್ತಿದ್ದ ವರ್ಷ, ನಡುವೆ ಹಿಮ್ಮಡಿಯ ಗಂಟೂ ಉಳುಕಿತ್ತು. 2024ರಲ್ಲಿ ಈಗಲ್ಸ್‌ಗೆ ಬಂದ ಮೇಲೆ 345.

ಸರಾಸರಿಯನ್ನು ನಂಬಬೇಡಿ. ಕ್ಯಾರಿಗೆ ನಾಲ್ಕೂವರೆ ಯಾರ್ಡ್ ಬಂದರೆ ಚೆನ್ನಾಗಿದೆ ಅನ್ನುತ್ತಾರೆ. ಆದರೆ ಅದು ಪ್ರತಿ ಸಲವೂ ನಾಲ್ಕೂವರೆ ಬರುವ ಲೆಕ್ಕವಲ್ಲ. ಎರಡು, ಒಂದು, ಮೂರು, ಸೊನ್ನೆ, ಎರಡು, ಆಮೇಲೆ ಇದ್ದಕ್ಕಿದ್ದಂತೆ 70. ಮಳೆಯ ಹಾಗೆ, ವರ್ಷದ ಮಳೆ ಎಷ್ಟು ಅಂತ ಹೇಳಿದರೆ ಯಾವ ದಿನ ಬಿತ್ತು ಅಂತ ಗೊತ್ತಾಗುವುದಿಲ್ಲ. 2024ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ಮೇಲೆ ಬಾರ್ಕ್ಲಿ ಒಂದೇ ರಾತ್ರಿ 255 ಯಾರ್ಡ್ ಓಡಿದ. ಅದರಲ್ಲಿ ಎರಡೇ ಎರಡು ಓಟದಿಂದ 142 ಬಂದಿತ್ತು.

ಇದರ ಉಲ್ಟಾನೂ ನೋಡಿ. 2025ರ ಫೆಬ್ರುವರಿ 9ರ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್. ಅವತ್ತು ಅವನಿಗೆ 28 ತುಂಬಿದ ದಿನ. 25 ಸಲ ಓಡಿದ, ಬಂದದ್ದು 57 ಯಾರ್ಡ್. ಅಂಕಿ ಮಾತ್ರ ನೋಡಿದರೆ ಸೋತ ದಿನ. ನಿಜಕ್ಕೂ ಕಾನ್ಸಾಸ್ ಸಿಟಿ ಚೀಫ್ಸ್ ತಂಡ ಅವನನ್ನು ಕಟ್ಟಿಹಾಕುವುದರಲ್ಲೇ ಶಕ್ತಿ ಹಾಕಿತು, ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್‌ಗೆ ಮೈದಾನ ಬಿಟ್ಟುಕೊಟ್ಟಿತು. ಈಗಲ್ಸ್ 40-22ರಲ್ಲಿ ಗೆದ್ದಿತು. ನಮ್ಮ ಬೀದಿಯಲ್ಲಿ ಆ ರಾತ್ರಿ ಪಾತ್ರೆ ಬಡಿದುಕೊಂಡು ಓಡಾಡಿದರು.

ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ವಯಸ್ಸು, ಕ್ಯಾರಿ, ಕ್ಯಾಚ್, ತಪ್ಪಿಸಿಕೊಂಡ ಮ್ಯಾಚು, ಇಷ್ಟು ಕಾಲಂ ಸಾಕು. ಪ್ಲೇಆಫ್ ಕ್ಯಾರಿಗಳನ್ನು ಬೇರೆ ಟೇಬಲ್‌ನಲ್ಲಿ ಹಾಕಿರುತ್ತಾರೆ, ಅದನ್ನೂ ಕೂಡಿಸಿಕೊಳ್ಳಿ. ಮಂಡಿಗೆ ಅದು ಲೀಗ್ ಮ್ಯಾಚೋ ಪ್ಲೇಆಫೋ ಅಂತ ಗೊತ್ತಾಗುವುದಿಲ್ಲ. 2024ರ ಸೀಸನ್ನಿನಲ್ಲಿ ಬಾರ್ಕ್ಲಿಯ 345ಕ್ಕೆ ಪ್ಲೇಆಫಿನ 91 ಸೇರಿಸಿದರೆ 436. ಅಷ್ಟು ಸಲ ಚೆಂಡು ಹಿಡಿದು ಓಡಿದ್ದಾನೆ, ಹೆಚ್ಚುಕಮ್ಮಿ ಅಷ್ಟೇ ಸಲ ಯಾರೋ ಕೆಡವಿದ್ದಾರೆ. ಹಾಗೆ ಓಡಿ ತಂದ ಯಾರ್ಡ್ 2,504. ಪ್ಲೇಆಫ್ ಸೇರಿಸಿ ಒಂದು ಸೀಸನ್ನಿನಲ್ಲಿ ಅಷ್ಟನ್ನು ಅದುವರೆಗೆ ಯಾರೂ ತಂದಿರಲಿಲ್ಲ. 1998ರಲ್ಲಿ ಡೆನ್ವರ್‌ನ ಟೆರೆಲ್ ಡೇವಿಸ್ 2,476 ತಂದಿದ್ದ. ಮರುವರ್ಷವೇ ಡೇವಿಸ್‌ನ ಮಂಡಿ ಹೋಯಿತು. ಆಮೇಲೆ ಅವನು ಮೊದಲಿನ ಡೇವಿಸ್ ಆಗಲೇ ಇಲ್ಲ.

ಫಿಲಡೆಲ್ಫಿಯಾದ ಹಳೆಯ ಅಭಿಮಾನಿಗಳಿಗೆ ಇನ್ನೊಂದು ಗಾಯ ಇದೆ. ಡಿಮಾರ್ಕೊ ಮರ್ರಿ 2014ರಲ್ಲಿ ಡಲ್ಲಾಸ್‌ಗೆ 392 ಕ್ಯಾರಿ ಹೊತ್ತು 1,845 ಯಾರ್ಡ್ ಓಡಿದ. ಈಗಲ್ಸ್ ಖುಷಿಯಿಂದ ದುಡ್ಡು ಸುರಿದು ಅವನನ್ನು ತಂದಿತು. 2015ರಲ್ಲಿ ಬಂದದ್ದು 702. ನನ್ನ ಒಬ್ಬ ವಯಸ್ಸಾದ ಪೇಷಂಟ್ ಇದನ್ನು ಹೇಳುವಾಗ ಈಗಲೂ ಹಲ್ಲು ಕಡಿಯುತ್ತಾರೆ. ರಸ ಡಲ್ಲಾಸ್‌ನವರು ಕುಡಿದರು, ಸಿಪ್ಪೆ ನಮಗೆ ಕೊಟ್ಟರು ಅನ್ನುವ ಅರ್ಥದಲ್ಲಿ ಏನೋ ಬೈಯುತ್ತಾರೆ.

ದುಡ್ಡಿನ ಕಾಗದ

ಇದು ಬೋರು ಅನ್ನಿಸಬಹುದು, ಆದರೆ ಬಿಡಬೇಡಿ. ಈ ಕೆಲಸದ ಅನ್ಯಾಯ ಇಲ್ಲೇ ಇರುವುದು.

ಹೈಸ್ಕೂಲ್ ಮುಗಿದು ಮೂರು ವರ್ಷ ಆಗದೆ ಡ್ರಾಫ್ಟ್‌ಗೆ ಬರುವಂತಿಲ್ಲ. ಆ ಮೂರು ವರ್ಷವೂ ಕಾಲೇಜಿನಲ್ಲಿ ಪೆಟ್ಟು ತಿಂದೇ ಬರುತ್ತಾರೆ. ಡ್ರಾಫ್ಟ್ ಆದವರಿಗೆ ಮೊದಲ ಒಪ್ಪಂದ ನಾಲ್ಕು ವರ್ಷ. ಮೊದಲ ಸುತ್ತಿನವರಾದರೆ ಐದನೆಯ ವರ್ಷಕ್ಕೂ ಇಟ್ಟುಕೊಳ್ಳುವ ಹಕ್ಕು ತಂಡಕ್ಕೆ ಇದೆ. ಅದು ಮುಗಿದ ಮೇಲೆ 'ಫ್ರಾಂಚೈಸ್ ಟ್ಯಾಗ್' ಅಂತ ಒಂದು ಹಾಕಿ ಮತ್ತೂ ಒಂದು ವರ್ಷ ಹಿಡಿದಿಡಬಹುದು. ಲೆಕ್ಕ ಹಾಕಿ: 21ಕ್ಕೆ ಸೇರಿದವನು ಎಲ್ಲಾ ಬಾಗಿಲು ತೆರೆದು ಹೊರಗೆ ಬರುವಷ್ಟರಲ್ಲಿ 27. ಬೇರೆ ಜಾಗದಲ್ಲಿ ಆಡುವವರಿಗೆ 27 ಅಂದರೆ ಏರುವ ವಯಸ್ಸು. ರನ್ನಿಂಗ್ ಬ್ಯಾಕ್‌ಗೆ ಆಗ ತಂಡಗಳು ಹಳೆ ಕಾರು ಕೊಳ್ಳುವವರ ಹಾಗೆ ಕಿಲೋಮೀಟರ್ ಎಷ್ಟಾಗಿದೆ ಅಂತ ಮೀಟರ್ ನೋಡಲು ಶುರು ಮಾಡುತ್ತವೆ.

ಬಾರ್ಕ್ಲಿಗೂ ಹೀಗೇ ಆಯಿತು. ಎರಡನೆಯವನಾಗಿ ಆರಿಸಿಕೊಂಡಿದ್ದರಿಂದ ಮೊದಲ ನಾಲ್ಕು ವರ್ಷಕ್ಕೆ 3.12 ಕೋಟಿ ಡಾಲರ್, ಅದೂ ಪೂರ್ತಿ ಗ್ಯಾರಂಟಿ. ಅದು ಅದೃಷ್ಟ, ಎಲ್ಲರಿಗೂ ಸಿಗುವುದಲ್ಲ. 2023ರಲ್ಲಿ ಜೈಂಟ್ಸ್ ಅವನಿಗೆ ಟ್ಯಾಗ್ ಹಾಕಿತು. ಆ ವರ್ಷ ರನ್ನಿಂಗ್ ಬ್ಯಾಕ್‌ಗಳ ಟ್ಯಾಗ್ ಬೆಲೆ ಸುಮಾರು 1.01 ಕೋಟಿ ಡಾಲರ್, ಕ್ವಾರ್ಟರ್‌ಬ್ಯಾಕ್‌ಗಳದ್ದು 3.24 ಕೋಟಿ. ಅದೇ ಜುಲೈನಲ್ಲಿ ದೊಡ್ಡ ಹೆಸರಿನ ರನ್ನಿಂಗ್ ಬ್ಯಾಕ್‌ಗಳೆಲ್ಲ ಸೇರಿ ಒಂದು ಜೂಮ್ ಕಾಲ್ ಮಾಡಿದರು, ನಮ್ಮ ಗತಿ ಏನು ಅಂತ. ಕೋಟಿ ಎಣಿಸುವವರ ಗೋಳು ಏನು ಕೇಳೋದು ಅಂತ ನಾನೂ ಮೊದಲು ನಕ್ಕೆ. ಆಮೇಲೆ ಅದರಲ್ಲಿದ್ದ ಕೆಲವರ ಮಂಡಿಗಳನ್ನು ನೆನೆಸಿಕೊಂಡೆ. ಸೆಪ್ಟೆಂಬರಿನಲ್ಲಿ ಅವರಲ್ಲೇ ಒಬ್ಬ, ಕ್ಲೀವ್‌ಲ್ಯಾಂಡಿನ ನಿಕ್ ಚಬ್, ಪಿಟ್ಸ್‌ಬರ್ಗ್‌ನಲ್ಲಿ ಮಂಡಿ ಕಿತ್ತುಕೊಂಡು ಬಿದ್ದ. ಟಿವಿಯವರು ಆ ರೀಪ್ಲೇ ತೋರಿಸಲೇ ಇಲ್ಲ, ಅಷ್ಟು ಕೆಟ್ಟದಾಗಿತ್ತು.

2024ರ ಮಾರ್ಚ್‌ನಲ್ಲಿ ಬಾರ್ಕ್ಲಿ ಮೂರು ವರ್ಷಕ್ಕೆ 3.77 ಕೋಟಿ ಡಾಲರಿಗೆ ಈಗಲ್ಸ್‌ಗೆ ಬಂದ. ಇಂಥ ಸುದ್ದಿ ಓದುವಾಗ ದೊಡ್ಡ ಅಂಕಿಯನ್ನು ಬಿಟ್ಟು 'ಗ್ಯಾರಂಟಿ' ಅನ್ನುವ ಪದ ಹುಡುಕಿ. ಇವನದರಲ್ಲಿ ಗ್ಯಾರಂಟಿ 2.6 ಕೋಟಿ. ಉಳಿದದ್ದು ತಂಡ ಇಟ್ಟುಕೊಂಡರೆ ಮಾತ್ರ ಸಿಗುವುದು, ಕಾಗದದ ಮೇಲಿನ ಕಾಸು. ಒಂದು ವರ್ಷ ಕಳೆದು, ಸೂಪರ್ ಬೌಲ್ ಗೆದ್ದ ಮೇಲೆ, ಇನ್ನೂ ಎರಡು ವರ್ಷಕ್ಕೆ 4.12 ಕೋಟಿ ಸೇರಿಸಿದರು. ವರ್ಷಕ್ಕೆ ಎರಡು ಕೋಟಿ ಡಾಲರ್ ದಾಟಿದ ಮೊದಲ ರನ್ನಿಂಗ್ ಬ್ಯಾಕ್ ಅವನು.

ಮಂಡಿ

ಇಷ್ಟು ಹೊತ್ತು ಕಾದಿದ್ದೆ, ಈಗ ನನ್ನ ವಿಷಯ.

ಮಂಡಿಯ ಒಳಗೆ, ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಓರೆಯಾಗಿ ಬಿಗಿದಿರುವ ಒಂದು ಹಗ್ಗ ಇದೆ. ಎಸಿಎಲ್ ಅನ್ನುತ್ತಾರೆ. ಕಿರುಬೆರಳಿನಷ್ಟು ದಪ್ಪ. ನೆಟ್ಟಗೆ ಓಡುವವನಿಗೆ ಅದರ ಬೆಲೆ ಗೊತ್ತಾಗುವುದಿಲ್ಲ. ಓಡುತ್ತಾ ಒಂದೇ ಕಾಲು ಊರಿ ಗಕ್ಕನೆ ತಿರುಗುವವನಿಗೆ ಅದಿಲ್ಲದೆ ನಡೆಯುವುದಿಲ್ಲ. ರನ್ನಿಂಗ್ ಬ್ಯಾಕ್‌ನ ಹೊಟ್ಟೆಪಾಡೇ ಆ ತಿರುಗುವುದು. ಎಷ್ಟೋ ಸಲ ಯಾರೂ ಮುಟ್ಟದೇ ಇದ್ದಾಗಲೇ ಅದು ಹರಿಯುತ್ತದೆ. ಪಾದ ನೆಲಕ್ಕೆ ಕಚ್ಚಿಕೊಂಡಿರುತ್ತದೆ, ಮೈ ತಿರುಗಿರುತ್ತದೆ, ಒಳಗೆ 'ಟಪ್' ಅನ್ನುತ್ತದೆ. ಆ ಸದ್ದನ್ನು ನನ್ನ ಪೇಷಂಟ್‌ಗಳೆಲ್ಲ ಒಂದೇ ಥರ ವರ್ಣಿಸುತ್ತಾರೆ.

ಬಾರ್ಕ್ಲಿಯ ಬಲ ಮಂಡಿಯಲ್ಲಿ ಅದು ಹರಿದದ್ದು 2020ರ ಸೆಪ್ಟೆಂಬರ್ 20ರಂದು, ಶಿಕಾಗೋದ ಮೈದಾನದಲ್ಲಿ. ಸೀಸನ್ನಿನ ಎರಡನೆಯ ಮ್ಯಾಚು.

ಹರಿದ ಎಸಿಎಲ್ ಅನ್ನು ಸಾಮಾನ್ಯವಾಗಿ ಹೊಲಿದು ಬಿಡುವುದಿಲ್ಲ. ಅವನದೇ ಮಂಡಿಚಿಪ್ಪಿನ ಕೆಳಗಿನ ಪಟ್ಟಿಯಿಂದಲೋ ತೊಡೆಯ ಹಿಂಭಾಗದಿಂದಲೋ ಒಂದು ಎಳೆ ತೆಗೆದು ಆ ಜಾಗಕ್ಕೆ ಹಾಕುತ್ತಾರೆ. ಜನಕ್ಕೆ ಗೊತ್ತಿಲ್ಲದ ವಿಷಯ ಏನೆಂದರೆ, ಹಾಕಿದ ಎಳೆ ಮೊದಲ ಕೆಲವು ವಾರ ಬಲವಾಗುತ್ತಾ ಹೋಗುವುದಿಲ್ಲ, ಬಲ ಕಳೆದುಕೊಳ್ಳುತ್ತದೆ. ರಕ್ತನಾಳ ಹೊಸದಾಗಿ ಹಬ್ಬಬೇಕು, ಬೇರು ಬಿಡಬೇಕು. ಅದೇ ಹೊತ್ತಿಗೆ ನೋವು ಕಡಿಮೆಯಾಗಿರುತ್ತದೆ, ಹುಡುಗರು ವಾಸಿಯಾಯ್ತು ಅಂತ ಕುಣಿಯುತ್ತಾರೆ. ನನ್ನ ಕೆಲಸದ ಅರ್ಧ ಅವರನ್ನು ಹಿಡಿದು ಕೂರಿಸುವುದು. ಆಪರೇಷನ್ ಆದ ಕಾಲಿನ ತೊಡೆ ನೋಡಬೇಕು, ಎರಡೇ ವಾರಕ್ಕೆ ಸೊರಗಿ ಇನ್ನೊಂದರ ಮುಂದೆ ಕಡ್ಡಿ. ಆ ಶಕ್ತಿ ಇನ್ನೊಂದು ಕಾಲಿನ ಶೇಕಡ 90ಕ್ಕೆ ಬರುವವರೆಗೆ, ಒಂಟಿಕಾಲಿನಲ್ಲಿ ಕುಪ್ಪಳಿಸಿದ ದೂರ ಎರಡೂ ಕಡೆ ಸಮ ಆಗುವವರೆಗೆ, ನಾವು ಮೈದಾನಕ್ಕೆ ಬಿಡುವುದಿಲ್ಲ. ಒಂಬತ್ತು ತಿಂಗಳಿಗೆ ಮೊದಲು ಹೋದವರಿಗೆ ಮತ್ತೆ ಹರಿಯುವ ಅಪಾಯ ಜಾಸ್ತಿ.

ನೀವು ಮಾಡಬೇಕಾದದ್ದು ಇಷ್ಟೆ: ಎಸಿಎಲ್ ಹರಿದವನು ಮರಳಿ ಬಂದ ಮೊದಲ ವರ್ಷ ಅವನ ಬಗ್ಗೆ ಏನೂ ತೀರ್ಮಾನ ಮಾಡಬೇಡಿ. ಎರಡನೆಯ ವರ್ಷ ನೋಡಿ. ಬಾರ್ಕ್ಲಿ 2021ರಲ್ಲಿ 593 ಯಾರ್ಡ್ ಓಡಿದಾಗ ಇಲ್ಲಿ ಎಲ್ಲರೂ ಅವನ ಕಥೆ ಮುಗೀತು ಅಂದರು. 2022ರಲ್ಲಿ 1,312. ಏಡ್ರಿಯನ್ ಪೀಟರ್ಸನ್ ಇದಕ್ಕೆ ಅಪವಾದ. 2011ರ ಕ್ರಿಸ್‌ಮಸ್ ಹಿಂದಿನ ದಿನ ಮಂಡಿ ಹರಿದುಕೊಂಡ, 2012ರಲ್ಲಿ 2,097 ಯಾರ್ಡ್ ಓಡಿದ. ನನ್ನ ಹುಡುಗರೆಲ್ಲ ಅವನ ಹೆಸರು ಹೇಳಿಕೊಂಡೇ ನನ್ನ ಹತ್ತಿರ ಜಗಳಕ್ಕೆ ಬರುತ್ತಾರೆ. ನಾನು ಫ್ರಾಂಕ್ ಗೋರ್ ಹೆಸರು ಹೇಳುತ್ತೇನೆ. ಕಾಲೇಜಿನಲ್ಲೇ ಎರಡೂ ಮಂಡಿ ಹೋಗಿತ್ತು, ಆ ಹೆದರಿಕೆಗೆ ಡ್ರಾಫ್ಟ್‌ನ ಮೂರನೆಯ ಸುತ್ತಿನವರೆಗೂ ಯಾರೂ ಮುಟ್ಟಲಿಲ್ಲ. 16 ಸೀಸನ್ ಆಡಿದ. ಸರಿಯಾಗಿ 16,000 ಯಾರ್ಡ್.

ನಮ್ಮಣ್ಣನದೂ ಅದೇ ಹಗ್ಗ. 24 ವಯಸ್ಸು, ಒಂದು ಜಾತ್ರೆಯ ಟೂರ್ನಿಯಲ್ಲಿ, ಬೋನಸ್ ಗೆರೆ ಮುಟ್ಟಿ ತಿರುಗುವಾಗ. ಒಬ್ಬರು ನಾಟಿ ಕಟ್ಟು ಕಟ್ಟಿದರು. ಒಂದು ಆಸ್ಪತ್ರೆಯಲ್ಲಿ ಮೂಳೆ ಮುರಿದಿಲ್ಲ, ನೋವಿನ ಮಾತ್ರೆ ತಗೊ ಅಂದರು. ಎರಡು ತಿಂಗಳಿಗೆ ತಂಡದವರು ಮತ್ತೆ ಅಂಕಣಕ್ಕೆ ಇಳಿಸಿದರು. ಆಮೇಲೆ ಒಳಗಿನ ಮೆತ್ತೆಯೂ ಹರಿಯಿತು. ನಾನು ಆಗ ಪಿಯುಸಿ. ಈ ಕೋರ್ಸ್ ತೆಗೆದುಕೊಂಡದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಯಾವಾಗ ನಿಲ್ಲಿಸುತ್ತಾನೆ ಅನ್ನುವುದು

ಎಮ್ಮಿಟ್ ಸ್ಮಿತ್ 15 ಸೀಸನ್ ಆಡಿ, 4,409 ಕ್ಯಾರಿ ಹೊತ್ತು 18,355 ಯಾರ್ಡ್ ಮಾಡಿ ನಿಂತ. ಆ ದಾಖಲೆ ಮುರಿಯುವವರು ಯಾರೂ ಕಾಣುತ್ತಿಲ್ಲ. ಬ್ಯಾರಿ ಸ್ಯಾಂಡರ್ಸ್ ಹತ್ತೇ ಸೀಸನ್ನಿಗೆ 15,269 ಮಾಡಿ, ಆಗಿನ ದಾಖಲೆಗೆ ಇನ್ನೊಂದು ಸೀಸನ್ ದೂರದಲ್ಲಿ ಇರುವಾಗ, 1999ರಲ್ಲಿ ತನ್ನ ಊರಿನ ಪತ್ರಿಕೆಗೆ ಒಂದು ಫ್ಯಾಕ್ಸ್ ಕಳಿಸಿ ಮನೆಗೆ ಹೋದ. ನನಗೆ ಅವನೇ ಬುದ್ಧಿವಂತ. ಡೆರಿಕ್ ಹೆನ್ರಿ 30ನೇ ವಯಸ್ಸಿನಲ್ಲಿ 1,921 ಓಡಿದ್ದಾನಲ್ಲ ಅನ್ನುತ್ತೀರಿ. ಅವನು ಎತ್ತು. ಅವನನ್ನು ನೋಡಿ ಬೇರೆಯವರ ಲೆಕ್ಕ ಹಾಕಬೇಡಿ.

ಒಂದು ಸಣ್ಣ ತೀರ್ಮಾನ ನೋಡಿ. 2024ರ ಕೊನೆಯ ಲೀಗ್ ಮ್ಯಾಚಿಗೆ ಮುಂಚೆ ಬಾರ್ಕ್ಲಿ 2,005ರಲ್ಲಿದ್ದ. ಪ್ಲೇಆಫ್ ಬಿಟ್ಟು ಒಂದು ಸೀಸನ್ನಿನ ಲೆಕ್ಕದಲ್ಲಿ, 1984ರಲ್ಲಿ ಎರಿಕ್ ಡಿಕರ್ಸನ್ ಮಾಡಿದ 2,105 ಯಾರ್ಡ್ ದಾಖಲೆ ಮುರಿಯಲು 101 ಸಾಕಿತ್ತು. ಎದುರಾಳಿ ಅವನ ಹಳೆಯ ಜೈಂಟ್ಸ್, ಮೈದಾನ ನಮ್ಮದೇ. ಕೋಚ್ ನಿಕ್ ಸಿರಿಯಾನಿ ಅವನನ್ನು ಕೂರಿಸಿದರು. ಕ್ಲಿನಿಕ್ಕಿನಲ್ಲಿ ಆ ವಾರ ದೊಡ್ಡ ಜಗಳ. ನಾನೊಬ್ಬಳೇ ಕೋಚ್ ಪರ. ಎರಡು ವಾರ ಕಳೆದು ಹಿಮ ಸುರಿಯುವ ಮೈದಾನದಲ್ಲಿ ರ‍್ಯಾಮ್ಸ್ ಮೇಲೆ 205 ಓಡಿದಾಗ ಜಗಳ ಮಾಡಿದವರು ಯಾರೂ ಸೋಮವಾರ ಆ ಮಾತು ಎತ್ತಲಿಲ್ಲ. ಮುಂದಿನ ಸೀಸನ್ನಿನಲ್ಲಿ ಅವನು 2,000ದ ಹತ್ತಿರಕ್ಕೂ ಬರಲಿಲ್ಲ. ನನ್ನ ನೋಟ್‌ಬುಕ್‌ನಲ್ಲಿ 436 ಅಂತ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೆ, ನನಗೇನೂ ಆಶ್ಚರ್ಯ ಆಗಲಿಲ್ಲ.

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಜಿಗಿತದ ರೀಪ್ಲೇ ಬಂದಾಗ ಎಲ್ಲರೂ ಮೇಲೆ ನೋಡುತ್ತಾರೆ. ನೀವು ಇಳಿಯುವುದನ್ನು ನೋಡಿ. 2024ರ ನವೆಂಬರ್ 3, ಜ್ಯಾಕ್ಸನ್‌ವಿಲ್ ವಿರುದ್ಧದ ಮ್ಯಾಚು. ನಾನು ಸೋಫಾದಲ್ಲಿ ಕೋಡುಬಳೆ ತಿನ್ನುತ್ತಾ ಕೂತಿದ್ದೆ. ಬಾರ್ಕ್ಲಿ ಒಂದು ಸಣ್ಣ ಪಾಸ್ ಹಿಡಿದ. ಒಬ್ಬನನ್ನು ತಪ್ಪಿಸಿದ, ಇನ್ನೊಬ್ಬನಿಂದ ಗಿರಕಿ ಹೊಡೆದು ಬಿಡಿಸಿಕೊಂಡ. ಗಿರಕಿ ಮುಗಿಯುವಾಗ ಬೆನ್ನು ಮುಂದಾಗಿತ್ತು, ಕಾಲಿಗೆ ಮೂರನೆಯವನು ನುಗ್ಗುತ್ತಿದ್ದ. ಇವನು ಹಿಂದುಹಿಂದಕ್ಕೇ ಎಗರಿ ಅವನ ತಲೆಯ ಮೇಲಿಂದ ದಾಟಿಬಿಟ್ಟ. ನೋಡದೆ. ಇಡೀ ಅಮೆರಿಕ ಆ ಜಿಗಿತವನ್ನು ವಾರಗಟ್ಟಲೆ ತಿರುಗಿಸಿ ಹಾಕಿತು.

ನಾನು ಆ ವಿಡಿಯೊ ಅಣ್ಣನಿಗೆ ಕಳಿಸಿದೆ. ಊರಲ್ಲಿ ಆಗ ಬೆಳಗಿನ ಜಾವ. ಹಾಲು ಹಾಕಿ ಬಂದ ಮೇಲೆ ಒಂದು ವಾಯ್ಸ್ ಮೆಸೇಜ್ ಬಂತು, ಹಿಂದೆ ಹಸು ಕೂಗುತ್ತಿತ್ತು. "ಹಾರೋದು ಯಾರ್ ಬೇಕಾದ್ರೂ ಹಾರ್ತಾರೆ ಕಣವ್ವ. ಕೆಳಗ್ ಬಿದ್ಮೇಲೆ ಮಂಡಿ ಒಂಚೂರಾದ್ರೂ ಒಳಕ್ಕೆ ವಾಲ್ತಾ ನೋಡು. ನಾನು ನಿಲ್ಸಿ ನಿಲ್ಸಿ ನೋಡ್ದೆ. ವಾಲ್ಲಿಲ್ಲ."